ಯಾವ ಬಸ್ ಬಂತು? ಬಾಗಲಕೋಟೆಯ ಒಂದು ವಿದ್ಯಾರ್ಥಿ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಪಟ್ಟಿ ತೆಗೆದು ನೋಡಿ. 'ಅಂಧರಿಗಾಗಿ ಸ್ಮಾರ್ಟ್ ಸ್ಟಿಕ್' ಅಂತ ಒಂದು ಇದ್ದೇ ಇರುತ್ತದೆ. ಒಂದು ಕೋಲು, ಅದಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್, ಆರ್ಡುಯಿನೊ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್, ಬಜರ್, ಬ್ಯಾಟರಿ. ಎದುರಿಗೆ ಏನಾದರೂ ಬಂದರೆ ಬೀಪ್ ಅನ್ನುತ್ತದೆ. ಡೆಮೊ ಚೆನ್ನಾಗಿ ಆಗುತ್ತದೆ, ಮಾರ್ಕ್ಸ್ ಬರುತ್ತದೆ, ಆಮೇಲೆ ಕೋಲು ಲ್ಯಾಬಿನ ಕಪಾಟಿಗೆ ಹೋಗುತ್ತದೆ. ಎಷ್ಟೋ ಸಲ ಕಣ್ಣು ಕಾಣದ ಒಬ್ಬರೂ ಅದನ್ನು ಹಿಡಿದು ನಡೆದಿರುವುದಿಲ್ಲ.

ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಅಂಥ ಎಷ್ಟೋ ಕೋಲುಗಳಿಗೆ ನಾನೇ ಸಹಿ ಹಾಕಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅಂಥದ್ದೇ ಕೋಲಿನಿಂದ ಶುರುವಾಗಿ ಬಸ್ ಸ್ಟಾಪಿಗೆ ಹೋಗಿ ನಿಂತ ಒಂದು ಪ್ರಾಜೆಕ್ಟಿನ ಬಗ್ಗೆ. ತಂಡದಲ್ಲಿ ನಾಲ್ವರಿದ್ದರು. ಹೆಸರು ಬೇಡ. ಹಾಸ್ಟೆಲಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ: ಜಮಖಂಡಿ ಹುಡುಗ, ಮುಧೋಳ ಹುಡುಗ, ಇಳಕಲ್ ಹುಡುಗಿ, ಬಾದಾಮಿ ಹುಡುಗಿ.

ಮಾಸ್ತರ್ರು

ನವನಗರದಲ್ಲಿ ಒಬ್ಬರು ಸಂಗೀತದ ಮಾಸ್ತರ್ರು ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕಲಿತದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ನಮ್ಮ ಕಡೆ ಕಣ್ಣಿಲ್ಲದ ಮಗು ಹುಟ್ಟಿದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಊರು ಗದಗ. ಪಂಚಾಕ್ಷರ ಗವಾಯಿಗಳು ಕಟ್ಟಿದ ಆಶ್ರಮ ಅದು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಮಾಸ್ತರ್ರು ಪುಟ್ಟರಾಜರನ್ನು ಇವತ್ತಿಗೂ 'ಅಜ್ಜಾರು' ಅಂತಲೇ ಕರೆಯುತ್ತಾರೆ.

ಅವರ ಹಳೆಯ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಊರಿನ ಒಂದು ಭಾಗ ಹೋದಾಗ ಆ ಮನೆಯೂ ಹೋಯಿತು. ಮನೆ ಕಳೆದುಕೊಂಡವರಿಗೆ ಕಟ್ಟಿದ ಊರೇ ನವನಗರ. ಅಗಲ ರಸ್ತೆ, ಸೆಕ್ಟರ್ ನಂಬರ್, ಒಂದೇ ಅಳತೆಯ ಪ್ಲಾಟುಗಳು. ಕಣ್ಣಿದ್ದವರಿಗೆ ಅದು ಚೊಕ್ಕ ಊರು. ಮಾಸ್ತರ್ರಿಗೆ ಹಾಗಲ್ಲ. 'ಹಳೆ ಊರಾಗ ಓಣಿ ಓಣಿ ನನ್ನ ಕಾಲಿಗೆ ಗೊತ್ತಿದ್ದುವು. ಎಲ್ಲಿ ರೊಟ್ಟಿ ಬಡಿಯೋ ಸಪ್ಪಳ, ಎಲ್ಲಿ ಎಣ್ಣಿ ಗಾಣದ ವಾಸನಿ, ಅದರ ಮ್ಯಾಲೆ ತಿರುವು ಹಿಡೀತಿದ್ದೆ. ಇಲ್ಲಿ ಎಲ್ಲಾ ಸೆಕ್ಟರೂ ಒಂದ ಥರ' ಅಂದರು. ಆದರೆ ಶಿಷ್ಯಮಕ್ಕಳ ಮನೆಗಳು ಇನ್ನೂ ಹಳೆ ಊರಲ್ಲೇ ಇವೆ. ಹಾರ್ಮೋನಿಯಂ ಹೇಳಿಕೊಡಲು ವಾರಕ್ಕೆ ಐದು ದಿನ ನವನಗರದಿಂದ ವಿದ್ಯಾಗಿರಿ ದಾಟಿ ಹಳೆ ಬಾಗಲಕೋಟೆಗೆ ಹೋಗಿ ಬರಬೇಕು. ಸಾರಿಗೆ ಬಸ್ಸೇ ಗತಿ. ಪಾಸ್ ಇದೆ.

ಮುಧೋಳ ಹುಡುಗನ ಅಕ್ಕನ ಮನೆ ಅವರ ಮನೆಯ ಎದುರಿಗೇ ಇದೆ. ಕೋಲು ತಯಾರಾದ ಮೇಲೆ 'ಅವರಿಗೊಮ್ಮೆ ತೋರಿಸೋಣ ಸರ' ಅಂದ. ಕೋಲು ತಯಾರಾದ ಮೇಲೆ ಅನ್ನುವುದನ್ನು ಗಮನಿಸಿ. ಸಾಮಾನು ತಂದಾಗಿತ್ತು, ಬೆಸುಗೆ ಹಾಕಿ ಆಗಿತ್ತು, ವರದಿಯ ಮೊದಲ ಅಧ್ಯಾಯ ಬರೆದೂ ಆಗಿತ್ತು. ಬಳಸುವವರನ್ನು ಮೊದಲು ಕೇಳಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಈ ಪ್ರಕರಣದಲ್ಲಿ ದೊಡ್ಡ ತಪ್ಪು ಅದೇ, ಅದು ನನ್ನದು.

ಮೂಕ ಕೋಲು

ಕೋಲು ಕೈಗೆ ಬಂದಾಗ ಮಾಸ್ತರ್ರು ಮೊದಲು ಅದನ್ನು ಎರಡು ಬೆರಳ ಮೇಲೆ ಅಡ್ಡ ಇಟ್ಟುಕೊಂಡರು. ಭಾರ ಎಲ್ಲಿ ಬೀಳುತ್ತದೆ ಅಂತ ಹುಡುಕಿದರು. ಪಿವಿಸಿ ಪೈಪಿನ ನಡುವೆ ಬ್ಯಾಟರಿ ಡಬ್ಬಿ ಇತ್ತು, ಭಾರ ಅಲ್ಲೇ ಜಗ್ಗುತ್ತಿತ್ತು. ಆಮೇಲೆ ನೆಲಕ್ಕೆ ಕುಟ್ಟಿದರು. ಸದ್ದಾಗಬಾರದು ಅಂತ ಹುಡುಗರು ತುದಿಗೆ ದಪ್ಪ ರಬ್ಬರ್ ಹಾಕಿದ್ದರು.

'ಇದು ಮೂಕ ಐತಲ್ಲೋ ತಮ್ಮಾ' ಅಂದರು.

ಜಮಖಂಡಿ ಹುಡುಗನಿಗೆ ಅರ್ಥವಾಗಲಿಲ್ಲ. ಮಾಸ್ತರ್ರು ತಮ್ಮ ಕೋಲನ್ನು ಬಾಗಿಲ ಮೂಲೆಯಿಂದ ತರಿಸಿಕೊಂಡರು. ಮಡಚುವ ಬಿಳಿ ಕೋಲು, ತುದಿಯಲ್ಲಿ ಸವೆದ ನೈಲಾನ್ ಗುಬ್ಬಿ. ನಾಲ್ವರನ್ನೂ ಕರೆದುಕೊಂಡು ಅಂಗಳಕ್ಕೆ ಬಂದರು. ಫರಸಿ ಕಲ್ಲಿನ ಮೇಲೆ ಒಮ್ಮೆ ತಟ್ಟಿದರು. ಮಣ್ಣಿನ ಮೇಲೆ ಒಮ್ಮೆ. ಡಾಂಬರಿನ ಮೇಲೆ ಒಮ್ಮೆ. ಗಟಾರಕ್ಕೆ ಹೊದಿಸಿದ ಹಾಸುಗಲ್ಲಿನ ಮೇಲೆ ಒಮ್ಮೆ. ಹಾಸುಗಲ್ಲು ಟೊಳ್ಳಾಗಿ ಕೂಗಿತು. 'ಕೇಳಿದ್ರೆನು? ಕೆಳಗ ನೀರು ಐತಿ ಅಂತ ಕೋಲ ಹೇಳತು' ಅಂದರು. ಬಾದಾಮಿ ಹುಡುಗಿ ಅವತ್ತು ಡೈರಿಯಲ್ಲಿ ಬರೆದುಕೊಂಡ ಸಾಲು ನನ್ನ ಹತ್ತಿರ ಈಗಲೂ ಇದೆ: 'ನಾವು ಕೋಲಿಗೆ ಕಿವಿ ಹಚ್ಚಲು ಹೋಗಿ ಬಾಯಿ ಮುಚ್ಚಿದೆವು.'

ರಸ್ತೆಗೆ ಇಳಿದಾಗ ಉಳಿದದ್ದೂ ಗೊತ್ತಾಯಿತು. ಎಚ್‌ಸಿ-ಎಸ್‌ಆರ್04 ಅನ್ನುವ ಈ ಸೆನ್ಸರ್ ಕೆಲಸ ಮಾಡುವ ರೀತಿ ಸರಳ. ನಮ್ಮ ಕಿವಿಗೆ ಕೇಳದ 40 ಕಿಲೊಹರ್ಟ್ಸ್ ಸದ್ದನ್ನು ಕಳಿಸಿ, ಅದು ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಎಣಿಸುತ್ತದೆ. ಒಂದು ಮೀಟರ್ ದೂರಕ್ಕೆ ಸುಮಾರು 5.8 ಮಿಲಿಸೆಕೆಂಡ್. ಎದುರಿಗೆ ನೆಟ್ಟಗೆ ನಿಂತ ಗಟ್ಟಿ ಗೋಡೆ ಇದ್ದರೆ ಲೆಕ್ಕ ಸರಿಯಾಗಿ ಬರುತ್ತದೆ. ಲ್ಯಾಬಿನಲ್ಲಿ ನಾವು ತೋರಿಸುವುದೂ ಗೋಡೆಯನ್ನೇ. ಬೀದಿ ಹಾಗಿರುವುದಿಲ್ಲ. ಓರೆಯಾಗಿ ನಿಲ್ಲಿಸಿದ ಬೈಕಿಗೆ ತಾಗಿದ ಸದ್ದು ಬೇರೆ ಕಡೆ ಹೊರಳಿ ಹೋಗುತ್ತದೆ. ಮೆತ್ತನೆ ಬಟ್ಟೆ ಸದ್ದನ್ನು ನುಂಗುತ್ತದೆ. ಬಾಯಿ ತೆರೆದ ಗಟಾರ ಎದುರಿಗೆ ನಿಂತ ವಸ್ತುವೇ ಅಲ್ಲ, ಮುಂದಕ್ಕೆ ಮುಖ ಮಾಡಿದ ಸೆನ್ಸರಿಗೆ ಅದರ ಸುಳಿವೇ ಹತ್ತುವುದಿಲ್ಲ. ಕೋಲನ್ನು ಎಡಕ್ಕೆ ಬಲಕ್ಕೆ ಬೀಸಿದಾಗ ಸೆನ್ಸರಿನ ಮುಖವೂ ಅತ್ತಿತ್ತ ಆಡುತ್ತದೆ. ಜನ ಓಡಾಡುವ ಕಡೆಯಂತೂ ಬಜರ್ ಬಾಯಿ ಮುಚ್ಚಲೇ ಇಲ್ಲ. 'ನನಗ ಇರೋದು ಎರಡ ಕಿವಿ. ಅದರಾಗ ಒಂದನ್ನ ನಿಮ್ಮ ಬಜರ್ ಕಸಗೊಂತು' ಅಂದರು ಮಾಸ್ತರ್ರು. ಬೈಯಲಿಲ್ಲ, ನಗುತ್ತಲೇ ಹೇಳಿದರು.

ಬಿಳಿ ಕೋಲು ಸುಮ್ನೆ ಒಂದು ಕಡ್ಡಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1940ರ ದಶಕದಲ್ಲಿ ಅಮೆರಿಕದ ರಿಚರ್ಡ್ ಹೂವರ್ ಉದ್ದ ಕೋಲನ್ನು ಬೀಸುತ್ತಾ ನಡೆಯುವ ಪದ್ಧತಿ ರೂಪಿಸಿದರು. ಎಡಗಾಲು ಮುಂದಿಡುವಾಗ ಕೋಲು ಬಲಕ್ಕೆ, ಬಲಗಾಲು ಮುಂದಿಡುವಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಆದರೆ ಸೊಂಟದ ಮೇಲಿನದ್ದು ಕೋಲಿಗೆ ಸಿಗುವುದಿಲ್ಲ: ಬಾಗಿದ ಕೊಂಬೆ, ತೆರೆದ ಕಿಟಕಿ, ನಿಂತ ಲಾರಿಯ ಹಿಂಬದಿ. ಐಐಟಿ ದೆಹಲಿಯವರ 'ಸ್ಮಾರ್ಟ್‌ಕೇನ್' ಹಿಡಿದದ್ದು ಆ ಕೊರತೆಯನ್ನೇ. 2014ರಲ್ಲಿ ಅದು ಹೊರಬಂತು, ಆಗ ಅದರ ಬೆಲೆ ಸುಮಾರು 3,000 ರೂಪಾಯಿ ಇತ್ತು. ಅದು ಕೋಲಿನ ಬದಲು ಬಂದದ್ದಲ್ಲ. ಕೋಲಿನ ಹಿಡಿಯ ಮೇಲೆ ಕೂರುವ ಸಾಧನ, ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಗಳನ್ನು ನೋಡಿ ಕೈಗೆ ನಡುಕ ಕೊಡುತ್ತದೆ. ಸದ್ದು ಮಾಡಿ ಕಿವಿ ಕಟ್ಟುವುದಿಲ್ಲ. ಅದರ ಹಿಂದೆ ಎಷ್ಟೋ ವರ್ಷಗಳ ಕೆಲಸ, ಎಷ್ಟೋ ಬಳಕೆದಾರರ ಜೊತೆ ನಡೆದ ಪರೀಕ್ಷೆ ಇದೆ. ನಮ್ಮವರು ಒಂದೇ ಸೆಮಿಸ್ಟರಿನಲ್ಲಿ ಅದನ್ನು ಮಾಡಲು ಹೊರಟಿದ್ದರು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾಸ್ತರ್ರ ಹತ್ತಿರ ಹೋಗುವ ಮೊದಲು ತಂಡದವರು ತಮ್ಮ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಪರೀಕ್ಷೆ ಮಾಡಿದ್ದರು. ಆಗ ಬಜರ್ ದೇವರಂತೆ ಕಂಡಿತ್ತು. ಕಣ್ಣು ಕಟ್ಟಿಕೊಂಡವನು ಹೆದರಿದ ಹೊಸಬ. ಮಾಸ್ತರ್ರು ಅರವತ್ತು ವರ್ಷದ ಅನುಭವಿ. ಇಬ್ಬರಿಗೂ ಬೇಕಾದದ್ದು ಒಂದೇ ಅಂದುಕೊಂಡರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಹಾಗಾದರೆ ಬೇಕಾದದ್ದೇನು?

ಇಳಕಲ್ ಹುಡುಗಿ ಅವತ್ತು ಚಹಾ ಕುಡಿಯುವಾಗ ಕೇಳಿದಳು: 'ಅಜ್ಜಾರ, ದಿನಾ ನಿಮಗೆ ಯಾವುದು ಜಾಸ್ತಿ ತ್ರಾಸ ಕೊಡತೈತಿ?'

ಅವರು ತಡಮಾಡದೆ ಹೇಳಿದ್ದು ಮೂರು. ಒಂದು, ಯಾವ ಬಸ್ ಬಂತು ಅನ್ನೋದು. ಎರಡು, ಗುಳಿಗೆ ಪಟ್ಟಿ ಯಾವುದು ಯಾವುದು ಅನ್ನೋದು. ಮೂರು, ನೋಟು. ಆದರೆ ಮೂರನೆಯದಕ್ಕೆ ಅವರದ್ದೇ ಉಪಾಯ ಇತ್ತು. ಈಗಿನ 100, 200, 500ರ ನೋಟುಗಳ ಅಗಲ ಒಂದೇ, 66 ಮಿಲಿಮೀಟರ್. ಉದ್ದ 142, 146, 150. ಅಂದರೆ ಒಂದರಿಂದ ಇನ್ನೊಂದಕ್ಕೆ ಬರೀ 4 ಮಿಲಿಮೀಟರ್ ವ್ಯತ್ಯಾಸ. ಬಸ್ಸಿನಲ್ಲಿ ನಿಂತು ಅದನ್ನು ಬೆರಳಲ್ಲಿ ಅಳೆಯೋಕಾಗುತ್ತಾ? ಅದಕ್ಕೆ ಮನೆಯಲ್ಲೇ ಮಗಳ ಕೈಲಿ ಗುರುತಿಸಿ, ನೂರನ್ನು ಉದ್ದಕ್ಕೆ, ಇನ್ನೂರನ್ನು ಅಡ್ಡಕ್ಕೆ, ಐನೂರನ್ನು ಎರಡೂ ಕಡೆ ಮಡಚಿ ಇಟ್ಟುಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ತಂದ 'ಮನಿ' ಆ್ಯಪ್ ನೋಟನ್ನು ಕ್ಯಾಮೆರಾದಲ್ಲಿ ನೋಡಿ ಹೇಳುತ್ತದೆ. ಅದೂ ಅವರ ಫೋನಲ್ಲಿದೆ.

ಬಸ್ಸಿಗೆ ಮಾತ್ರ ಉಪಾಯ ಇರಲಿಲ್ಲ.

ತಂಡದವರು ಮೂರು ದಿನ ಬೆಳಗ್ಗೆ ಅವರ ಜೊತೆ ಸ್ಟಾಪಿನಲ್ಲಿ ನಿಂತರು. ಸಹಾಯ ಮಾಡಬೇಡಿ, ಸುಮ್ನೆ ನೋಡಿ ಅಂತ ನಾನೇ ಹೇಳಿದ್ದೆ. ಬಸ್ಸಿನ ಸದ್ದು ಕೇಳಿದರೆ ಮಾಸ್ತರ್ರು ಕೈ ಎತ್ತುತ್ತಾರೆ. ಪಕ್ಕದವರನ್ನು 'ಯಾವ ಬಸ್ ರೀ?' ಅಂತ ಕೇಳುತ್ತಾರೆ. ಒಬ್ಬರು ತಲೆ ಅಲ್ಲಾಡಿಸಿ ಉತ್ತರ ಕೊಟ್ಟರು. ಅದು ಅವರಿಗೆ ಹೇಗೆ ಕಾಣಬೇಕು? ಇನ್ನೊಬ್ಬರ ಕಿವಿಯಲ್ಲಿ ಇಯರ್‌ಫೋನ್. ಮೂರನೆಯವರು ಕೇಳದೆಯೇ ರಟ್ಟೆ ಹಿಡಿದು ಬಸ್ಸಿಗೆ ಏರಿಸಿದರು. ಅದು ಬೇರೆ ಬಸ್ಸು. ಎರಡು ಬಸ್ ಒಂದರ ಹಿಂದೆ ಒಂದು ಬಂದರಂತೂ ಹಿಂದಿನದು ಸ್ವಲ್ಪ ದೂರದಲ್ಲೇ ನಿಂತು ಹೊರಟುಬಿಡುತ್ತದೆ. ಎರಡನೇ ದಿನ ಅವರು ತಮ್ಮ ಬಸ್ಸನ್ನೇ ಎರಡು ಸಲ ಬಿಟ್ಟರು. ಎರಡೂ ಅವರ ಮುಂದೆಯೇ ನಿಂತಿದ್ದವು. ಮುಧೋಳ ಹುಡುಗ ಅವತ್ತು ನನ್ನ ಹತ್ತಿರ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ 'ಸರ, ಕೋಲು ಬಿಡ್ತೀವಿ' ಅಂದ.

ಮೊದಲ ಪ್ರಯತ್ನ: ಫೋನಿನ ಕ್ಯಾಮೆರಾ

ಬಸ್ಸಿನ ಬೋರ್ಡನ್ನು ಫೋನೇ ಓದಿ ಹೇಳಿದರೆ ಆಯಿತಲ್ವಾ ಅಂತ ಎಲ್ಲರಿಗೂ ಅನ್ನಿಸಿತು. ಆ್ಯಂಡ್ರಾಯ್ಡ್ ಫೋನಿನಲ್ಲಿ ಕನ್ನಡದಲ್ಲಿ ಓದಿ ಹೇಳುವ ದನಿ ಇದೆ. ಅಕ್ಷರ ಗುರುತಿಸುವ ಗೂಗಲ್‌ನ ಎಂಎಲ್ ಕಿಟ್ ನೋಡಿದರು. ಅವರು ಹುಡುಕಿದಾಗ ಅದರಲ್ಲಿ ದೇವನಾಗರಿ ಇತ್ತು, ಜಪಾನಿ, ಕೊರಿಯನ್ ಇತ್ತು, ಕನ್ನಡ ಇರಲಿಲ್ಲ. ಅಕ್ಷರ ಗುರುತಿಸುವ ಇನ್ನೊಂದು ತಂತ್ರಾಂಶ ಟೆಸರಾಕ್ಟ್‌ನಲ್ಲಿ ಕನ್ನಡ ಇದೆ. ಅದನ್ನೇ ಹಾಕಿದರು.

ಮೇಜಿನ ಮೇಲಿಟ್ಟ ಪುಸ್ತಕದ ಪುಟ ಚೆನ್ನಾಗಿ ಬಂತು. ಬಸ್ಸಿನ ಬೋರ್ಡ್ ಬರಲಿಲ್ಲ. ಪೇಂಟರ್ ಕೈಯಲ್ಲಿ ಬರೆದ ಅಕ್ಷರ, ಮೇಲೆ ಧೂಳು, ಮುಂದಿನ ಗಾಜಿನ ಮೇಲೆ ಬೆಳಗಿನ ಬಿಸಿಲು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ. 'ವಿದ್ಯಾಗಿರಿ'ಯ ಯ-ಒತ್ತು ಬೋರ್ಡಿನ ಅಂಚಿಗೆ ಬಂದು ಅರ್ಧ ಮುಚ್ಚಿಹೋಗಿತ್ತು. ಎಲ್‌ಇಡಿ ಬೋರ್ಡಾದರೆ ಕ್ಯಾಮೆರಾಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಆ ದೀಪಗಳು ನಮ್ಮ ಕಣ್ಣಿಗೆ ತಿಳಿಯದಷ್ಟು ಬೇಗ ಆರಿ ಹತ್ತುತ್ತಿರುತ್ತವೆ.

ಇದನ್ನೆಲ್ಲ ಇನ್ನಷ್ಟು ಚಿತ್ರ ಕಲಿಸಿ ಸುಧಾರಿಸಬಹುದು. ಆದರೆ ತೊಂದರೆ ಅಷ್ಟೇ ಆಗಿರಲಿಲ್ಲ. ಒಂದು ಕೈಲಿ ಕೋಲು, ಹೆಗಲಿಗೆ ಚೀಲ. ಇನ್ನೊಂದು ಕೈಲಿ ಫೋನ್ ಎತ್ತಿ ಬಸ್ಸಿನ ಮುಖಕ್ಕೆ ಸರಿಯಾಗಿ ಹಿಡಿಯಬೇಕು. ಬಸ್ಸಿನ ಮುಖ ಎಲ್ಲಿದೆ ಅಂತ ಕಾಣದವರು ಹಿಡಿಯುವುದು ಹೇಗೆ? ಬೋರ್ಡ್ ಓದಬಲ್ಲವರಿಗಾಗಿಯೇ ಆ್ಯಪ್ ಮಾಡಿದಂತಾಗಿತ್ತು. ಆ್ಯಪಿನ ಬಟನ್ನುಗಳಿಗೆ ಹೆಸರು ಕೊಡುವುದನ್ನೂ ಜಮಖಂಡಿ ಹುಡುಗ ಮರೆತಿದ್ದ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬರೀ 'ಬಟನ್, ಬಟನ್' ಅಂತ ಹೇಳುತ್ತಿತ್ತು. ಅವತ್ತಿನಿಂದ ಅವನು ಪರದೆ ಕಪ್ಪು ಮಾಡಿಕೊಂಡು, ಟಾಕ್‌ಬ್ಯಾಕ್ ಹಾಕಿಕೊಂಡೇ ತನ್ನ ಕೋಡ್ ಪರೀಕ್ಷಿಸುವ ರೂಢಿ ಮಾಡಿಕೊಂಡ.

ಬಸ್ಸೇ ಹೇಳಲಿ

ಐಐಟಿ ದೆಹಲಿಯ ತಂಡದ್ದೇ ಇನ್ನೊಂದು ಕೆಲಸ ಇದೆ. 'ಆನ್‌ಬೋರ್ಡ್' ಅಂತ ಅದರ ಹೆಸರು. ಪ್ರಯಾಣಿಕರ ಕೈಲಿ ಒಂದು ಸಣ್ಣ ಸಾಧನ, ಬಸ್ಸಿನಲ್ಲಿ ಒಂದು. ಒತ್ತಿದರೆ ಹತ್ತಿರದ ಬಸ್ಸುಗಳ ನಂಬರ್ ಕೇಳಿಸುತ್ತದೆ. ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್ ಸದ್ದು ಮಾಡುತ್ತದೆ. ಮುಂಬೈಯ ಬಸ್ಸುಗಳಲ್ಲಿ ಅದರ ಪ್ರಯೋಗವೂ ಆಗಿದೆ. ಅದೇ ವಿಚಾರವನ್ನು ನಮ್ಮವರು ಅಗ್ಗದ ಸಾಮಾನಿನಲ್ಲಿ ಮಾಡಲು ಕೂತರು. ಬಸ್ಸಿನಲ್ಲಿ ಬ್ಲೂಟೂತ್ ಇರುವ ಸಣ್ಣ ಇಎಸ್‌ಪಿ32 ಬೋರ್ಡ್, ಅದರಿಂದ ಬ್ಲೂಟೂತ್ ಸಂದೇಶ. ಮಾಸ್ತರ್ರ ಕೈಲಿ ಅವರದ್ದೇ ಫೋನ್.

ಇಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಒಂದು ತೊಡಕು ಬಂತು, ನನಗೆ ಅದು ಬಹಳ ಹಿಡಿಸಿದ ಭಾಗ. ಬ್ಲೂಟೂತ್ ಲೋ ಎನರ್ಜಿಯ ಸಾಮಾನ್ಯ ಪ್ರಸಾರ ಸಂದೇಶಕ್ಕೆ ಇರುವ ಜಾಗ 31 ಬೈಟ್. ತಲೆಬರಹಕ್ಕೆ ಹೋಗಿ 26 ಉಳಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಮೂರು ಬೈಟ್ ಬೇಕು. 'ನವನಗರ' 15 ಬೈಟ್, ಹಿಡಿಯಿತು. 'ಬಾಗಲಕೋಟೆ' 24, ಹೇಗೋ ಹಿಡಿಯಿತು. 'ಹಳೆ ಬಾಗಲಕೋಟೆ' ಅಂದರೆ 34, ಹಿಡಿಯಲಿಲ್ಲ. ಫೋನ್ 'ಹಳೆ ಬಾಗಲಕ' ಅಂತ ಹೇಳಿ ನಿಂತುಬಿಡುತ್ತಿತ್ತು. ಇಳಕಲ್ ಹುಡುಗಿ ಹೆಸರು ಕಳಿಸುವುದನ್ನೇ ಬಿಟ್ಟು ಬರೀ ಒಂದು ಸಂಖ್ಯೆ ಕಳಿಸಿದಳು. ಯಾವ ಸಂಖ್ಯೆಗೆ ಯಾವ ಊರು ಅನ್ನುವ ಪಟ್ಟಿಯನ್ನು ಫೋನಿನೊಳಗೇ ಇಟ್ಟಳು. ಊರಿನ ಹೆಸರು ಎಷ್ಟು ಉದ್ದ ಇದ್ದರೂ ಆಮೇಲೆ ತೊಂದರೆ ಆಗಲಿಲ್ಲ.

ಸಾರಿಗೆ ಬಸ್ಸಿನಲ್ಲಿ ಪರೀಕ್ಷಿಸಲು ಅನುಮತಿ ಬೇಕಿತ್ತು. ಪತ್ರ ಕೊಟ್ಟೆವು. ಮತ್ತೆ ಮತ್ತೆ ಹೋಗಿ ಬಂದೆವು. 'ಮೇಲಿಂದ ಬರಬೇಕು' ಅಂದರು. ಮೇಲಿಂದ ಏನೂ ಬರಲಿಲ್ಲ. ಒಂದು ಬಸ್ಸಿಗೆ ಒಂದು ವಾರ ಕೊಟ್ಟಿದ್ದರೆ ಸಾಕಿತ್ತು ಅಂತ ಈಗಲೂ ಬೇಜಾರಾಗುತ್ತದೆ. ಕೊನೆಗೆ ನಮ್ಮ ಕಾಲೇಜಿನ ಬಸ್ಸಿನಲ್ಲೇ ಹಾಕಿದೆವು. ಅದು ನವನಗರದಿಂದ ಹಳೆ ಊರಿಗೆ ಹೋಗಿ ಬರುವ ಬಸ್ಸು, ಮಾಸ್ತರ್ರ ದಾರಿಯೂ ಅದೇ.

ಮೊದಲ ದಿನ ಬಸ್ ಸ್ಟಾರ್ಟ್ ಮಾಡಿದ ಕೂಡಲೇ ನಮ್ಮ ಬೋರ್ಡ್ ಸತ್ತುಹೋಯಿತು. ಬಸ್ಸಿನ ಬ್ಯಾಟರಿ 24 ವೋಲ್ಟಿನದು. ಇಂಜಿನ್ ಎಬ್ಬಿಸುವಾಗ ಸ್ಟಾರ್ಟರ್ ಮೋಟರ್ ಅಷ್ಟೂ ಕರೆಂಟ್ ಎಳೆದುಕೊಳ್ಳುತ್ತದೆ, ವೋಲ್ಟೇಜ್ ದಬಕ್ಕನೆ ಕುಸಿಯುತ್ತದೆ. ನಡುವೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್, ಅದು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಡಯೋಡ್ ಹಾಕಿದ ಮೇಲೆ ಸರಿಹೋಯಿತು.

ಬಾಗಿಲ ಸದ್ದು

ಫೋನ್ 'ಹಳೆ ಬಾಗಲಕೋಟೆ ಬಸ್ ಹತ್ತಿರ ಇದೆ' ಅಂತ ಹೇಳುತ್ತದೆ. ಸರಿ. ಬಾಗಿಲು ಎಲ್ಲಿ? ಬ್ಲೂಟೂತ್ ಸಿಗ್ನಲ್ಲಿನ ಬಲ ನೋಡಿ ದೂರ ಹೇಳುವುದು ನಂಬುವ ಹಾಗಿಲ್ಲ. ನಡುವೆ ನಾಲ್ಕು ಜನ ನಿಂತರೆ ಅವರ ಮೈಯೇ ಸಿಗ್ನಲ್ ಹೀರುತ್ತದೆ. ಅದಕ್ಕೆ ಬಾಗಿಲ ಮೇಲೆ ಸ್ಪೀಕರ್ ಹಾಕಿದರು, ಫೋನಲ್ಲಿ ಒತ್ತಿದಾಗ 'ಪೀ...' ಅಂತ ಉದ್ದಕ್ಕೆ ಕೂಗುವಂತೆ.

ಮಾಸ್ತರ್ರು ಬಸ್ಸಿನ ಎದುರು ನಿಂತು ತಲೆ ಆಚೆ ಈಚೆ ತಿರುಗಿಸಿದರು. ಬಾಗಿಲಿಂದ ಎರಡು ಹೆಜ್ಜೆ ಮುಂದೆ ಹೋಗಿ ತಗಡಿಗೆ ಕೋಲು ತಾಗಿಸಿದರು.

'ತಮ್ಮಾ, ಶ್ರುತಿ ಪೆಟ್ಟಿಗಿ ಮನ್ಯಾಗ ಎಲ್ಲಿ ಇಟ್ಟಾರ ಅಂತ ದನಿ ಕೇಳಿ ಹೇಳಾಕ ಬರಂಗಿಲ್ಲ. ಮನಿ ತುಂಬೆಲ್ಲಾ ತುಂಬಿರ್ತೈತಿ. ತಬಲಾ ಎಲ್ಲಿ ಐತಿ ಅಂದ್ರ ಥಟ್ಟನ ಹೇಳತೀನಿ. ಯಾಕ ಹೇಳು?'

ಯಾರೂ ಹೇಳಲಿಲ್ಲ. ಅವರೇ ತೊಡೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. 'ಪೆಟ್ಟು ಬೇಕು. ಎಳೆದ ದನಿಗೆ ಜಾಗ ಇರಂಗಿಲ್ಲ, ಪೆಟ್ಟಿಗೆ ಜಾಗ ಇರತೈತಿ.'

ನಾನು ಪಾಠದಲ್ಲಿ ಹೇಳುವ ವಿಷಯವೇ ಅದು. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದೆ. ಆ ಅಂತರ ಜಾಸ್ತಿ ಅಂದರೆ 0.6, 0.7 ಮಿಲಿಸೆಕೆಂಡ್. ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಥಟ್ಟನೆ ಶುರುವಾಗುವ, ಹಲವು ಕಂಪನ ಒಟ್ಟಿಗೆ ಇರುವ ಸದ್ದಾದರೆ ಹಿಡಿಯುವುದು ಸುಲಭ. ಒಂದೇ ಕಂಪನದ ಎಳೆದ ಸದ್ದಾದರೆ ಕಷ್ಟ. ಇದೆಲ್ಲ ಗೊತ್ತಿದ್ದೂ ನಾನು ಬಜರಿಗೆ ಒಪ್ಪಿದ್ದೆ.

ಮರುದಿನ ಮಾಸ್ತರ್ರ ಮನೆಯಲ್ಲೇ ಅವರ ಶಿಷ್ಯನೊಬ್ಬ ದಾಯಾಂ, ಅಂದರೆ ಬಲಗೈ ತಬಲಾ, ಅದರ ಮೇಲೆ 'ನಾ' ಅನ್ನುವ ಪೆಟ್ಟು ಹೊಡೆದ. ಬಾದಾಮಿ ಹುಡುಗಿ ಫೋನಲ್ಲಿ ರೆಕಾರ್ಡ್ ಮಾಡಿಕೊಂಡಳು. ಎರಡು ಪೆಟ್ಟು, ಸ್ವಲ್ಪ ನಿಲುಗಡೆ, ಮತ್ತೆ ಎರಡು ಪೆಟ್ಟು. ಆ ಸಂಜೆ ಬಸ್ಸಿನ ಬಾಗಿಲಿನಿಂದ ತಬಲಾ ಕೇಳಿಸಿತು. ಮಾಸ್ತರ್ರು ನೆಟ್ಟಗೆ ಬಾಗಿಲಿಗೆ ನಡೆದರು. ಮೆಟ್ಟಿಲಿನ ಎತ್ತರ ಎಷ್ಟು ಅಂತ ಅವರ ಹಳೆಯ ಕೋಲು ಹೇಳಿತು. ರಟ್ಟೆ ಯಾರೂ ಹಿಡಿಯಲಿಲ್ಲ.

ಬೋರ್ಡ್ ತಿರುಗಿಸುವುದು

ಇಷ್ಟಾದ ಮೇಲೂ ಒಂದು ಮಧ್ಯಾಹ್ನ ಎಡವಟ್ಟಾಯಿತು. ಬಸ್ ಹಳೆ ಊರಿನಿಂದ ವಾಪಸ್ ಹೊರಟಿತ್ತು, ಫೋನ್ ಇನ್ನೂ 'ಹಳೆ ಬಾಗಲಕೋಟೆ' ಅಂತಲೇ ಹೇಳುತ್ತಿತ್ತು. ಊರು ಬದಲಿಸಲು ಡ್ರೈವರ್ ಹತ್ತಿರ ಒಂದು ಬಟನ್ ಇಟ್ಟಿದ್ದೆವು. ಅವರು ಒತ್ತುವುದನ್ನು ಮರೆತಿದ್ದರು.

ಮುಧೋಳ ಹುಡುಗ ಹೋಗಿ 'ಕಾಕಾ, ಬಟನ್ ಒತ್ತಬೇಕಿತ್ರೀ' ಅಂದ. ಡ್ರೈವರ್ ಕಾಕಾ ಹೇಳಿದ್ದು ಈ ಇಡೀ ಪ್ರಾಜೆಕ್ಟಿನಲ್ಲಿ ನಾನು ಕೇಳಿದ ಅತಿ ದೊಡ್ಡ ಮಾತು: 'ನಾ ಮುಂದಿನ ಬೋರ್ಡ್ ತಿರುವೋದು ಮರತರ ಹತ್ತು ಮಂದಿ ಬೈತಾರ. ನಿಮ್ಮ ಬಟನ್ ಮರತರ ಬಯ್ಯಾವ್ರ ಯಾರು? ಮಾಸ್ತರ್ರು ಒಬ್ಬರ. ಅವರು ಬಯ್ಯೋದೂ ಇಲ್ಲ.'

ಅಂಧರಿಗೆ ಅಂತಲೇ ಬೇರೆಯಾಗಿ ಇಟ್ಟದ್ದು ಹಾಳಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಬಳಸುವುದಕ್ಕೆ ಅದನ್ನು ಕಟ್ಟಿದರೆ ಎಲ್ಲರೂ ಕಾಯುತ್ತಾರೆ. ಹುಡುಗರು ಬಟನ್ ಕಿತ್ತು ಹಾಕಿದರು. ಆ ಬಸ್ಸಿನ ಬೋರ್ಡ್ ಎರಡು ಮುಖದ ತಗಡು, ಒಂದು ಕಡೆ 'ನವನಗರ', ಇನ್ನೊಂದು ಕಡೆ 'ಹಳೆ ಬಾಗಲಕೋಟೆ'. ಒಂದು ಮುಖದ ಮೂಲೆಗೆ ಸಣ್ಣ ಅಯಸ್ಕಾಂತ ಅಂಟಿಸಿದರು. ಬೋರ್ಡ್ ಕೂರುವ ಚೌಕಟ್ಟಿಗೆ ಒಂದು ರೀಡ್ ಸ್ವಿಚ್ ಹಾಕಿದರು. ಅದು ಕಡ್ಡಿಯಷ್ಟು ತೆಳು ಗಾಜಿನ ಕೊಳವೆ, ಅಯಸ್ಕಾಂತ ಹತ್ತಿರ ಬಂದರೆ ಒಳಗಿನ ಎರಡು ತಂತಿ ಕೂಡುತ್ತವೆ. ಕಾಕಾ ಎಂದಿನಂತೆ ಬೋರ್ಡ್ ತಿರುವಿದರೆ ಬ್ಲೂಟೂತಿನ ಸಂಖ್ಯೆಯೂ ತಾನಾಗಿ ಬದಲಾಗುತ್ತದೆ. ಇಡೀ ಸಾಧನದಲ್ಲಿ ಅತಿ ಕಡಿಮೆ ಬೆಲೆಯ ಭಾಗ ಅದು.

ಇನ್ನೊಬ್ಬಳು ಬಳಕೆದಾರಳು

ಬಾದಾಮಿ ಹುಡುಗಿಯ ಚಿಕ್ಕಪ್ಪನ ಮಗಳು ಪಿಯುಸಿ ಓದುತ್ತಾಳೆ. ಅವಳಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಸುತ್ತಲಿನದು ಹೋಗಿ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ, ಸಂಜೆಯಾದರೆ ಅದೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಧರನ್ನು, ಮಂದದೃಷ್ಟಿಯವರನ್ನು ಬೇರೆ ಬೇರೆಯಾಗಿ ಹೇಳುತ್ತದೆ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆಯಾದರೂ 10ರವರೆಗೆ ಉಳಿದಿದ್ದರೆ ಅದು ಮಂದದೃಷ್ಟಿ. ನಮ್ಮ ವರದಿಯ ತಲೆಬರಹದಲ್ಲಿ ಇಬ್ಬರೂ ಇದ್ದರು, ಒಳಗೆ ಮಾಸ್ತರ್ರು ಒಬ್ಬರೇ.

ಅವಳಿಗೆ ಆ್ಯಪ್ ಕೊಟ್ಟಾಗ ದನಿ ಬೇಡ ಅಂದಳು. 'ಸ್ಟಾಪಿನಾಗ ಎಲ್ಲಾರೂ ನನ್ನ ಕಡೆ ನೋಡ್ತಾರ ಅಕ್ಕಾ.' ಅವಳು ಕೋಲನ್ನೂ ಹಿಡಿಯುವುದಿಲ್ಲ. ತನಗೆ ಕಾಣುವುದಿಲ್ಲ ಅಂತ ಕ್ಲಾಸಿನಲ್ಲಿ ಅರ್ಧದಷ್ಟು ಜನರಿಗೆ ಗೊತ್ತೇ ಇಲ್ಲ. ಅವಳಿಗೆ ಬೇಕಿದ್ದದ್ದು ಫೋನಿನ ನಡುಕ ಮತ್ತು ಪರದೆಯ ತುಂಬ ಕಪ್ಪಿನ ಮೇಲೆ ಹಳದಿ ದೊಡ್ಡ ಅಕ್ಷರ. ನವನಗರಕ್ಕೆ ಒಂದು ನಡುಕ, ಹಳೆ ಊರಿಗೆ ಎರಡು. ಎರಡು ದಿನದ ಕೆಲಸ ಅಷ್ಟೇ. ಆದರೆ ಅವಳನ್ನು ಕೇಳಿದ್ದು ಏಪ್ರಿಲಿನಲ್ಲಿ, ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ.

ಉಳಿದದ್ದು

ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು 'ಇದರಲ್ಲಿ ಎಐ ಎಲ್ಲಿದೆ?' ಅಂತ ಕೇಳಿದರು. ಇಲ್ಲ ಅಂತ ಇಳಕಲ್ ಹುಡುಗಿ ನೇರವಾಗಿ ಹೇಳಿದಳು. ಮಾರ್ಕ್ಸ್ ಪರವಾಗಿಲ್ಲ ಅನ್ನುವಷ್ಟು ಬಂತು. ಮಾಸ್ತರ್ರು ನಮಗಾಗಿ ಕೊಟ್ಟ ಸಮಯಕ್ಕೆ ಗೌರವಧನ ಕೊಡಬೇಕು ಅನ್ನುವುದು ನಮಗೆ ಹೊಳೆದದ್ದು ತಡವಾಗಿ. ಪ್ರಾಜೆಕ್ಟಿಗೆ ಸಿಕ್ಕ ಹಣದಲ್ಲಿ ಕೊಟ್ಟೆವು. ವರದಿಯಲ್ಲಿ ಬಾಗಿಲ ಸದ್ದಿನ ವಿನ್ಯಾಸಕ್ಕೆ ಅವರ ಹೆಸರನ್ನೇ ಹಾಕಿದೆವು.

ಕೆಲಸ ಪೂರ್ತಿ ಆಗಿಲ್ಲ. ಒಂದೇ ಬಸ್ಸಿನಲ್ಲಿ ಇದೆ. ಹಾರನ್ ಜಾಸ್ತಿ ಇರುವ ಕಡೆ ತಬಲಾ ಕೇಳಿಸುವುದಿಲ್ಲ. ಬ್ಯಾಟರಿ ಉಳಿಸಲು ಫೋನ್ ಆ್ಯಪನ್ನು ಮಲಗಿಸಿಬಿಡುತ್ತದೆ, ಮಾಸ್ತರ್ರು ಸ್ಟಾಪಿಗೆ ಬಂದಾಗ ಮತ್ತೆ ತೆರೆಯಬೇಕು. ಸಾರಿಗೆ ಬಸ್ಸಿನ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ, ನಾನು ಮತ್ತೊಂದು ಬರೆದಿದ್ದೇನೆ. ನಾಲ್ವರೂ ಕೆಲಸಕ್ಕೆ ಹೋದರು. ಕಾಕಾ ಬೋರ್ಡ್ ತಿರುವುತ್ತಾರೆ, ಮಾಸ್ತರ್ರು ಈಗಲೂ ಕಾಲೇಜು ಬಸ್ಸಿನಲ್ಲಿ ಹಳೆ ಊರಿಗೆ ಹೋಗುತ್ತಾರೆ.

ಹೋದ ತಿಂಗಳು ಅವರು ನನಗೆ ಫೋನ್ ಮಾಡಿದ್ದರು. 'ಸರ, ಬಸ್ಸಿಂದು ಆತು. ಗುಳಿಗಿ ಪಟ್ಟೀದು ಯಾವಾಗ?'

ಈ ವರ್ಷದ ತಂಡದಿಂದ ಇಬ್ಬರನ್ನು ಮೊದಲ ವಾರವೇ ಅವರ ಮನೆಗೆ ಕಳಿಸಿದೆ. ಬರುವಾಗ ಅವರು ಒಂದು ಡಬ್ಬಿ ತುಂಬ ಖಾಲಿ ಪಟ್ಟಿಗಳನ್ನು ತಂದರು. ಅಂಗಡಿಯವರು ನಾಲ್ಕು ಗುಳಿಗೆ ಬೇಕಾದರೆ ಕತ್ತರಿಯಿಂದ ಅಷ್ಟೇ ಕೊಯ್ದು ಕೊಡುತ್ತಾರೆ. ಒಂದರಲ್ಲಿ ಹೆಸರಿನ ಮೊದಲರ್ಧ ಇದೆ, ಇನ್ನೊಂದರಲ್ಲಿ ಬರೀ ಬೆಲೆ, ಮತ್ತೊಂದರಲ್ಲಿ ತಾರೀಖಿನ ತಿಂಗಳು ಇದೆ, ವರ್ಷ ಇಲ್ಲ. ಹಾಳೆ ಹೊಳೆಯುತ್ತದೆ, ಕ್ಯಾಮೆರಾಗೆ ದೀಪವೇ ಕಾಣುತ್ತದೆ. ಹುಡುಗರು ಅವನ್ನೆಲ್ಲ ಲ್ಯಾಬಿನ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದಾರೆ. ಇನ್ನೂ ಏನನ್ನೂ ಕಟ್ಟಿಲ್ಲ.